ವೀಲ್ ಲಾಕ್ ನಟ್: ಯಾರ ಕಾರಿಗೆ ಬೇಕು, ಯಾರ ಕಾರಿಗೆ ಬೇಡ

ಅಲಾಯ್ ಚಕ್ರದ ಕಾರು ಕೊಂಡವರಿಗೆ ಬಿಡಿಭಾಗದ ಅಂಗಡಿಯವರು ಮೊದಲು ತೋರಿಸುವ ಸಾಮಾನುಗಳಲ್ಲಿ ಚಕ್ರದ ಕಳ್ಳತನ ತಡೆಯುವ ವೀಲ್ ಲಾಕ್ ನಟ್ ಒಂದು. ಪುಟ್ಟ ಡಬ್ಬಿಯೊಳಗೆ ನಾಲ್ಕು ನಟ್, ಒಂದು ಕೀ. ಇದನ್ನು ಹಾಕಿಸಿಬಿಟ್ಟರೆ ಚಕ್ರದ ಚಿಂತೆ ತಪ್ಪಿತು ಎನ್ನುತ್ತಾರೆ. ಚಕ್ರದ ಚಿಂತೆ ತಪ್ಪುವುದು ಹೌದು. ಅದರ ಜಾಗಕ್ಕೆ ಕೀಯ ಚಿಂತೆ ಬಂದು ಕೂರುತ್ತದೆ. ನಿಮ್ಮ ಪಾಲಿಗೆ ಇವೆರಡರಲ್ಲಿ ಯಾವುದು ದೊಡ್ಡದು ಎಂದು ತೂಗಿ ನೋಡಿಯೇ ಕೊಳ್ಳಬೇಕು. ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಕಾಸರಗೋಡು ನೆಲದ ಮಟ್ಟಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ರಾತ್ರಿ ನಿಮ್ಮದೇ ಅಂಗಳದಲ್ಲಿ, ಗೇಟಿನ ಒಳಗೆ ನಿಲ್ಲುವುದಾದರೆ ಲಾಕ್ ನಟ್ ಬೇಡ. ರೈಲು ನಿಲ್ದಾಣದ ಹೊರಗೋ ಮಂಗಳೂರಿನ ಯಾವುದೋ ಬೀದಿಯಲ್ಲೋ ನಿಲ್ಲುವುದಾದರೆ ಚಕ್ರಕ್ಕೆ ಒಂದರಂತೆ ಒಳ್ಳೆಯವನ್ನೇ ಹಾಕಿಸಿ. ಕಾರಿನ ಎಲ್ಲ ನಟ್‌ಗಳನ್ನು ಬದಲಿಸುವುದು ಅಂದಕ್ಕೆ ಹೊರತು ಭದ್ರತೆಗೆ ಅಲ್ಲ.

ಮಾಮೂಲಿ ನಟ್‌ಗೆ ಆರು ಮುಖ. 19 ಅಥವಾ 21 ಮಿಲಿಮೀಟರಿನ ಸ್ಪ್ಯಾನರ್ ಕೈಯಲ್ಲಿದ್ದರೆ ಹೆಚ್ಚಿನ ಕಾರುಗಳ ಚಕ್ರವನ್ನು ಯಾರು ಬೇಕಾದರೂ ಬಿಚ್ಚಬಹುದು, ಮತ್ತು ಅಂತಹ ಸ್ಪ್ಯಾನರ್ ಹೆಚ್ಚುಕಡಿಮೆ ಪ್ರತಿ ಕಾರಿನ ಡಿಕ್ಕಿಯಲ್ಲೂ ಇರುತ್ತದೆ. ಲಾಕ್ ನಟ್‌ನ ಹೊರಮೈ ಉರುಟಾಗಿ, ನುಣುಪಾಗಿ ಇರುತ್ತದೆ. ಸ್ಪ್ಯಾನರ್ ಹಿಡಿಯಲು ಅಂಚೇ ಇಲ್ಲ. ಅದರ ತಲೆಯ ಮೇಲೆ ಅಂಕುಡೊಂಕಾದ ಒಂದು ತೋಡು ಕೊರೆದಿರುತ್ತದೆ. ಹೆಬ್ಬೆರಳಿನಷ್ಟು ಉದ್ದದ ಉಕ್ಕಿನ ಕೀಯ ಒಂದು ತುದಿಯಲ್ಲಿ ಆ ತೋಡಿನಲ್ಲಿ ಕೂರುವ ಏಣು, ಇನ್ನೊಂದು ತುದಿಯಲ್ಲಿ ಮಾಮೂಲಿ ಸ್ಪ್ಯಾನರ್ ಹಿಡಿಯುವ ಆರು ಮುಖ. ಮೊದಲು ಕೀಯನ್ನು ನಟ್‌ನಲ್ಲಿ ಕೂರಿಸಿ, ಆಮೇಲೆ ಕೀಯ ಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಬೇಕು. ಇಷ್ಟೇ ಇದರ ಯಂತ್ರವಿದ್ಯೆ.

ಕಳ್ಳನಿಗೆ ಇದು ಎಷ್ಟು ಅಡ್ಡಿ?

ಚಕ್ರ ಕಳ್ಳತನಕ್ಕೆ ಬೇಕಾದ ಸಾಮಾನು ಬಹಳ ಕಡಿಮೆ: ಒಂದು ಜಾಕ್, ಒಂದು ಸ್ಪ್ಯಾನರ್, ಕಾರನ್ನು ಕೂರಿಸಲು ನಾಲ್ಕು ಕಲ್ಲು. ನಮ್ಮ ಕಡೆ ಕಲ್ಲನ್ನು ಹೊತ್ತು ತರಬೇಕಾದ ಕಷ್ಟವೂ ಇಲ್ಲ. ಎರಡು ಮನೆಗೊಂದು ಮನೆಯ ಆವರಣದ ಬದಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ರಾಶಿ ಇದ್ದೇ ಇರುತ್ತದೆ. ಕದ್ದ ಚಕ್ರವನ್ನು ಮಾರುವುದೂ ಸುಲಭ. ಸ್ವಿಫ್ಟ್, ಬಲೆನೋ, ಐ20, ಹೋಂಡಾ ಸಿಟಿ ಇವೆಲ್ಲಕ್ಕೂ 100 ಮಿಲಿಮೀಟರ್ ವೃತ್ತದಲ್ಲಿ ನಾಲ್ಕು ರಂಧ್ರದ ಚಕ್ರ. ಕ್ರೆಟಾ ಮತ್ತು ಬ್ರೆಝಾಗಳಿಗೆ 114.3 ಮಿಲಿಮೀಟರ್ ವೃತ್ತದಲ್ಲಿ ಐದು ರಂಧ್ರ. ಅಂದರೆ ಒಂದು ಕಾರಿನಿಂದ ಇಳಿದ ಚಕ್ರಕ್ಕೆ ಬೇರೆ ಕಂಪನಿಯ ಕಾರಿನವನೂ ಗಿರಾಕಿಯಾಗಬಲ್ಲ.

ಹೀಗಿರುವಾಗ ಲಾಕ್ ನಟ್ ಕೊಡುವುದು ಏನನ್ನು? ಸ್ವಲ್ಪ ಹೊತ್ತನ್ನು ಮತ್ತು ಸ್ವಲ್ಪ ಸದ್ದನ್ನು. ಬರೀ ಒಂದು ಸ್ಪ್ಯಾನರ್ ಹಿಡಿದು ಬಂದವನು ನಿಮ್ಮ ಕಾರನ್ನು ಬಿಟ್ಟು ಪಕ್ಕದ ಕಾರಿಗೆ ಹೋಗುತ್ತಾನೆ. ತಯಾರಾಗಿಯೇ ಬಂದವನ ಬಳಿ ಇದಕ್ಕೂ ಉಪಾಯವಿದೆ. ಒಳಗೆ ಎದುರು ತಿರುಪಿನ ಹಲ್ಲುಗಳಿರುವ ಎಕ್ಸ್‌ಟ್ರಾಕ್ಟರ್ ಎಂಬ ಸಾಕೆಟ್ ಪೇಟೆಯಲ್ಲಿ ಸಿಗುತ್ತದೆ. ಅದನ್ನು ನಟ್‌ನ ಮೇಲೆ ಬಡಿದು ಕೂರಿಸಿ ತಿರುಗಿಸಿದರೆ ಹಲ್ಲು ಕಚ್ಚಿಕೊಂಡು ನಟ್ ಬಿಚ್ಚುತ್ತದೆ. ಆದರೆ ಬಡಿಯುವ ಸದ್ದು ರಾತ್ರಿ ಹೊತ್ತು ದೂರಕ್ಕೆ ಕೇಳುತ್ತದೆ. ಸುತ್ತ ಮನೆಗಳಿರುವಲ್ಲಿ ಆ ಸದ್ದೇ ಕಾವಲು. ಯಾರೂ ಇಲ್ಲದ ಬಯಲಿನಲ್ಲಿ ನಿಲ್ಲಿಸಿದ ಕಾರಿಗೆ ಆ ಕಾವಲು ಇಲ್ಲ ಎಂಬುದನ್ನೂ ನೆನಪಿಡಬೇಕು.

ಉತ್ತಮ ದರ್ಜೆಯ ಕೆಲವು ಲಾಕ್ ನಟ್‌ಗಳಿಗೆ ಹೊರಗೊಂದು ಬಳೆ ಇರುತ್ತದೆ. ನಟ್ ಗಟ್ಟಿಯಾಗಿದ್ದರೂ ಬಳೆ ಸುಮ್ಮನೆ ಸುತ್ತುತ್ತದೆ, ಹಾಗಾಗಿ ಎಕ್ಸ್‌ಟ್ರಾಕ್ಟರ್ ಕಚ್ಚಿದರೂ ಬಳೆ ಮಾತ್ರ ತಿರುಗುತ್ತದೆ. ಕಳ್ಳನಿಗೆ ಇದು ನಿಜವಾದ ತಲೆನೋವು. ಕೀ ಕಳೆದುಕೊಂಡ ಮಾಲೀಕನಿಗೂ ಅಷ್ಟೇ ತಲೆನೋವು. ಈ ವಸ್ತುವಿನ ಗುಣ ಮತ್ತು ದೋಷ ಎರಡೂ ಒಂದೇ ಕಡೆಯಿಂದ ಬರುತ್ತವೆ: ಲಾಕ್ ಎಷ್ಟು ಒಳ್ಳೆಯದೋ ಕೀ ಇಲ್ಲದ ದಿನ ಅಷ್ಟೇ ಕೆಟ್ಟದು.

ಕೀ ಇಲ್ಲದ ದಿನ

ಪಕ್ಕದ ಮನೆಯ ಅಳಿಯ ಬೆಂಗಳೂರಿನಿಂದ ಊರಿಗೆ ಬರುವಾಗ ಕುಂಬಳೆ ದಾಟಿ ಬದಿಯಡ್ಕದ ದಾರಿಗೆ ತಿರುಗಿದ ಮೇಲೆ, ರಸ್ತೆ ಬದಿಗೆ ಚಾಚಿದ್ದ ಕಬ್ಬಿಣದ ಸರಳಿಗೆ ತಾಗಿ ಮುಂದಿನ ಟಯರಿನ ಮಗ್ಗುಲು ಸೀಳಿತು. ಮಗ್ಗುಲು ಸೀಳಿದರೆ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕುವುದೊಂದೇ ದಾರಿ. ಮೂರು ನಟ್ ಸಲೀಸಾಗಿ ಬಂದವು. ನಾಲ್ಕನೆಯದು ಲಾಕ್. ಗ್ಲೋವ್ ಬಾಕ್ಸಿನಲ್ಲಿ ಕೀ ಇಲ್ಲ, ಡಿಕ್ಕಿಯ ಸಾಮಾನಿನ ಚೀಲದಲ್ಲೂ ಇಲ್ಲ. ಹಿಂದಿನ ತಿಂಗಳು ಸರ್ವಿಸ್ ಮಾಡಿದ ಗ್ಯಾರೇಜಿನ ಮೇಜಿನ ಮೇಲೆ ಅದು ಉಳಿದುಬಿಟ್ಟಿತ್ತು ಎಂಬುದು ಫೋನು ಮಾಡಿದ ಮೇಲೆ ಗೊತ್ತಾಯಿತು.

ಪಂಕ್ಚರ್ ಅಂಗಡಿಯ ಹುಡುಗ ಬಂದು ನೋಡಿ, "ಕೀ ಉಂಟೇ ಅಣ್ಣಾ?" ಎಂದು ಕೇಳಿದ. ಇಲ್ಲವೆಂದಾಗ ಮಾತಾಡದೆ ಹಿಂದೆ ಹೋಗಿ ಹನ್ನೆರಡು ಮೂಲೆಯ ಹಳೆಯದೊಂದು ಸಾಕೆಟ್ ತಂದ. ನಟ್‌ನ ಗಾತ್ರಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಅದನ್ನು ನಟ್‌ನ ಮೇಲೆ ಇಟ್ಟು ಸುತ್ತಿಗೆಯಿಂದ ಬಡಿಯತೊಡಗಿದ. ಅಲಾಯ್ ಚಕ್ರದಲ್ಲಿ ನಟ್ ಇರುವುದು ಕುಳಿಯ ಒಳಗೆ. ಸಾಕೆಟ್ಟಿನ ಹೊರಮೈಗೂ ಕುಳಿಯ ಗೋಡೆಗೂ ನಡುವೆ ಜಾಗವೇ ಇಲ್ಲ. ಪ್ರತಿ ಪೆಟ್ಟಿಗೂ ಕುಳಿಯ ಅಂಚಿನಿಂದ ಕಪ್ಪು ಬಣ್ಣದ ಸಿಪ್ಪೆ ಎದ್ದು ಕೆಳಗೆ ಉದುರುತ್ತಿತ್ತು. ಕೊನೆಗೆ ಸಾಕೆಟ್ ಕಚ್ಚಿತು, ನಟ್ ಕಿರುಗುಟ್ಟಿ ಸಡಿಲವಾಯಿತು. ಸಾಕೆಟ್ಟಿನೊಳಗೆ ಸಿಕ್ಕಿಕೊಂಡ ನಟ್ಟನ್ನು ಹಿಂದಿನಿಂದ ಸರಳು ಕೊಟ್ಟು ಹೊರಗೆ ತೆಗೆಯುವುದಕ್ಕೆ ಮತ್ತೆ ಅಷ್ಟೇ ಹೊತ್ತು. ಹುಡುಗ ಕೇಳಿದ ದುಡ್ಡು ಹೆಚ್ಚೇನಲ್ಲ. ಆದರೆ ಚಕ್ರದ ಕುಳಿಯ ಸುತ್ತ ಉಳಿದ ಕಚ್ಚುಗಳನ್ನು ಈಗಲೂ ಕಾಣಬಹುದು.

ಇದಕ್ಕಿಂತ ಮೆದುವಾದ ದಾರಿಗಳೂ ಇವೆ, ಆದರೆ ಅವೆಲ್ಲ ಸಮಯ ಬೇಡುತ್ತವೆ. ಒಳ್ಳೆಯ ಕಂಪನಿಯ ಲಾಕ್ ನಟ್ ಜತೆಗೆ ಸಂಕೇತ ಸಂಖ್ಯೆಯಿರುವ ಒಂದು ಚೀಟಿ ಕೊಡುತ್ತಾರೆ. ಆ ಸಂಖ್ಯೆ ಹೇಳಿದರೆ ಅದೇ ನಮೂನೆಯ ಇನ್ನೊಂದು ಕೀ ತರಿಸಿಕೊಳ್ಳಬಹುದು. ಕಾರು ಕಂಪನಿಯೇ ಹಾಕಿಕೊಟ್ಟ ಲಾಕ್ ಆಗಿದ್ದರೆ ಡೀಲರ್ ಬಳಿ ಸಾಮಾನ್ಯವಾಗಿ ಎಲ್ಲ ನಮೂನೆಗಳ ಮಾಸ್ಟರ್ ಕೀಗಳ ಪೆಟ್ಟಿಗೆ ಇರುತ್ತದೆ. ಆದರೆ ನಮ್ಮವರಲ್ಲಿ ಅನೇಕರಿಗೆ ಡೀಲರ್ ಎಂದರೆ ಮಂಗಳೂರು. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. ಅಡೂರು, ಮುಳ್ಳೇರಿಯಾ ಕಡೆಯವರಿಗೆ ಇನ್ನೂ ದೂರ. ಚಕ್ರ ಬಿಚ್ಚಲಾಗದ ಕಾರನ್ನು ಅಲ್ಲಿಯವರೆಗೆ ಒಯ್ಯುವುದು ಲಾರಿಯ ಮೇಲೆಯೇ.

ಹೆದರಿಸಲು ಹೇಳುತ್ತಿಲ್ಲ. ಟ್ಯೂಬ್‌ಲೆಸ್ ಟಯರಿಗೆ ಮೊಳೆ ಹೊಕ್ಕಿದರೆ ಹೆಚ್ಚಿನ ಸಲ ಚಕ್ರ ಬಿಚ್ಚದೆಯೇ ರಬ್ಬರಿನ ಎಳೆ ತುರುಕಿ ಮುಗಿಸುತ್ತಾರೆ, ಕೀಯ ಮಾತೇ ಬರುವುದಿಲ್ಲ. ಕೀ ಬೇಕಾಗುವುದು ಮಗ್ಗುಲು ಸೀಳಿದಾಗ, ರಿಮ್ ಬಾಗಿದಾಗ, ಬ್ರೇಕ್ ಕೆಲಸಕ್ಕೆ, ಟಯರ್ ಅದಲುಬದಲು ಮಾಡುವಾಗ. ಇವುಗಳಲ್ಲಿ ಕೊನೆಯ ಎರಡಕ್ಕೆ ಮೊದಲೇ ತಯಾರಾಗಬಹುದು. ಮೊದಲ ಎರಡು ಬರುವುದೇ ರಾತ್ರಿ, ಮಳೆಯಲ್ಲಿ.

ನಮ್ಮ ಉಪ್ಪುಗಾಳಿ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಈ ಸಂಗತಿಗೆ ತಕ್ಕ ತೂಕ ಸಿಗುವುದಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್, ಎಲ್ಲವೂ ಕಡಲ ಮಗ್ಗುಲಲ್ಲೇ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಉಪ್ಪು, ನೀರು ಮತ್ತು ಕೆಂಪು ಮಣ್ಣಿನ ಹುಡಿ ಸೇರಿದ ಮೇಲೆ ಯಾವ ಕಬ್ಬಿಣಕ್ಕೂ ಸುಖವಿಲ್ಲ.

ಲಾಕ್ ನಟ್‌ಗೆ ಇದರಿಂದ ಎರಡು ಬಗೆಯ ಕೇಡು. ಒಂದು, ತೋಡು ತುಂಬುವುದು. ಮಾಮೂಲಿ ನಟ್‌ನ ಹೊರಮೈಗೆ ಮಣ್ಣು ಹತ್ತಿದರೆ ಸ್ಪ್ಯಾನರ್ ಅದನ್ನು ತಳ್ಳಿಕೊಂಡು ಒಳಗೆ ಹೋಗುತ್ತದೆ. ಲಾಕ್ ನಟ್‌ನ ತೋಡು ಎರಡು ಮೂರು ಮಿಲಿಮೀಟರ್ ಅಗಲದ್ದು. ಅದರೊಳಗೆ ಮಣ್ಣು, ಬ್ರೇಕಿನ ಕರಿಹುಡಿ ಮತ್ತು ತುಕ್ಕು ಸೇರಿ ಗಟ್ಟಿಯಾಗಿ ಕೂತರೆ ಕೀ ಅರ್ಧಕ್ಕೇ ನಿಲ್ಲುತ್ತದೆ. ಅರ್ಧ ಕೂತ ಕೀಯ ಮೇಲೆ ಬಲ ಹಾಕಿದರೆ ಏಣು ಜಾರಿ ತೋಡಿನ ಅಂಚು ಸವೆಯುತ್ತದೆ, ಇಲ್ಲವೇ ಕೀಯೇ ಮುರಿಯುತ್ತದೆ. ಒಮ್ಮೆ ಅಂಚು ಸವೆದ ನಟ್‌ಗೆ ಒಳ್ಳೆಯ ಕೀ ಇದ್ದೂ ಉಪಯೋಗವಿಲ್ಲ. ಹಾಗಾಗಿ ಬಿಚ್ಚುವ ಮೊದಲು ಸೂಜಿಯಿಂದಲೋ ತಂತಿಯ ತುದಿಯಿಂದಲೋ ತೋಡನ್ನು ಸುತ್ತ ಕೆರೆದು, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಕೀ ತಳದವರೆಗೆ ಕೂತಿತೆಂದು ಬೆರಳಿನಿಂದ ಮುಟ್ಟಿ ನೋಡಬೇಕು. ನಟ್‌ಗೂ ಕೀಗೂ ನಡುವೆ ಉಗುರು ತೂರುವಷ್ಟು ಸಂದು ಕಂಡರೂ ತಿರುಗಿಸಬಾರದು.

ಎರಡನೆಯದು ನಟ್ ಹಿಡಿದುಬಿಡುವುದು. ಇದರ ಮುಖ್ಯ ಬಲಿಪಶುಗಳು ಗಲ್ಫಿನಲ್ಲಿರುವವರ ಕಾರುಗಳು. ರಜೆಯಲ್ಲಿ ಬಂದಾಗ ಓಡಿಸಲೆಂದು ಕೊಂಡ ಕಾರು ಉಳಿದ ತಿಂಗಳು ತಗಡಿನ ಮಾಡಿನ ಕೆಳಗೆ ನಿಂತಿರುತ್ತದೆ. ಮನೆಯವರು ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಾರೆ, ಆದರೆ ನಟ್ಟನ್ನು ಯಾರೂ ಮುಟ್ಟುವುದಿಲ್ಲ. ಆಟಿ ತಿಂಗಳು (ಜುಲೈ–ಆಗಸ್ಟ್ ನಡುವಿನ ಮಳೆಗಾಲ) ಕಳೆಯುವಷ್ಟರಲ್ಲಿ ನಟ್ ತಾನು ಕೂರುವ ತಿರುಪಿನ ಕಡ್ಡಿಗೆ, ಅಂದರೆ ಸ್ಟಡ್‌ಗೆ, ಅಂಟಿಕೊಂಡಿರುತ್ತದೆ. ಅಲಾಯ್ ಚಕ್ರವೂ ನಡುವಿನ ಉಕ್ಕಿನ ಹಬ್‌ಗೆ ಅಂಟಿರುತ್ತದೆ, ಅಲ್ಯೂಮಿನಿಯಂ ಮತ್ತು ಉಕ್ಕು ಉಪ್ಪುನೀರಿನಲ್ಲಿ ಜತೆಯಾಗಿದ್ದರೆ ಹಾಗೆಯೇ ಆಗುವುದು. ಮಾಮೂಲಿ ನಟ್ ಆದರೆ ಉದ್ದ ಕೊಳವೆ ಸಿಕ್ಕಿಸಿ ಮೈಭಾರ ಹಾಕಿ ಬಿಚ್ಚಬಹುದು. ಲಾಕ್ ನಟ್‌ನ ಸಣ್ಣ ಏಣು ಅಷ್ಟು ಬಲ ತಡೆಯುವುದಿಲ್ಲ. ಇಂತಹ ಕಾರು ಹೆಚ್ಚಾಗಿ ಗೇಟಿನ ಒಳಗೇ ಇರುವುದರಿಂದ ಅದಕ್ಕೆ ಲಾಕ್ ನಟ್ ಹಾಕಿಸುವುದು ದುಡ್ಡು ಕೊಟ್ಟು ತೊಂದರೆ ಕೊಂಡಂತೆ. ಮೊದಲೇ ಇದ್ದರೆ ಮಳೆ ಹಿಡಿಯುವ ಮುಂಚೆ, ಅಂದರೆ ಮೇ ತಿಂಗಳ ಕೊನೆಗೆ, ಒಮ್ಮೆ ಬಿಚ್ಚಿ ಮತ್ತೆ ಹಾಕಿಸಿ ಇಡಿ.

ಥ್ರೆಡ್‌ಗೆ (ತಿರುಪಿನ ಹಲ್ಲಿಗೆ) ಎಣ್ಣೆ ಹಚ್ಚಬಹುದೇ ಎಂದು ಕೇಳುವವರಿದ್ದಾರೆ. ಕೈಪಿಡಿ ಹೇಳದ ಹೊರತು ಬೇಡ. ಎಣ್ಣೆಯಿದ್ದರೆ ಅಷ್ಟೇ ಬಲಕ್ಕೆ ನಟ್ ಹೆಚ್ಚು ಬಿಗಿದು ಸ್ಟಡ್ ಎಳೆದಂತಾಗುತ್ತದೆ. ಗ್ರೀಸ್ ಹಚ್ಚುವುದಿದ್ದರೆ ಹಬ್‌ನ ನಡುಗಂಬದ ಸುತ್ತ ತೆಳುವಾಗಿ ಹಚ್ಚಿ, ಚಕ್ರ ಅಂಟುವುದು ತಪ್ಪುತ್ತದೆ.

ಮೂರು ಬಗೆ, ಮೂರು ಬೆಲೆ

ಚಕ್ರಕ್ಕೆ ಒಂದರಂತೆ ನಾಲ್ಕು ಲಾಕ್ ನಟ್ ಹಾಕುವುದು ಮೊದಲ ಬಗೆ. ಉಳಿದ ನಟ್‌ಗಳು ಮಾಮೂಲಿ. ಕಳ್ಳನಿಗೆ ಒಂದೇ ಒಂದು ನಟ್ ಅಡ್ಡಬಂದರೂ ಚಕ್ರ ಇಳಿಯದು, ಹಾಗಾಗಿ ಭದ್ರತೆಯ ಮಟ್ಟಿಗೆ ಇಷ್ಟು ಸಾಕು. ತೂಕದ ವ್ಯತ್ಯಾಸದಿಂದ ಬ್ಯಾಲೆನ್ಸ್ ಕೆಡುತ್ತದೆ ಎನ್ನುವವರಿಗೆ ಒಂದು ಲೆಕ್ಕ: ಲಾಕ್ ನಟ್ ಮಾಮೂಲಿಗಿಂತ 20 ಗ್ರಾಂ ಹೆಚ್ಚು ತೂಗಿತೆಂದುಕೊಳ್ಳಿ. ಅದು ಕೂರುವುದು ನಡುವಿನಿಂದ 50 ಮಿಲಿಮೀಟರ್ ದೂರದಲ್ಲಿ. 15 ಇಂಚಿನ ರಿಮ್ಮಿನ ಅಂಚಿಗೆ ಲೆಕ್ಕ ಹಾಕಿದರೆ ಅದು ಸುಮಾರು 5 ಗ್ರಾಂಗೆ ಸಮ, ಬ್ಯಾಲೆನ್ಸ್ ಮಾಡುವವರು ಅಂಟಿಸುವ ಸೀಸದ ಅತಿ ಸಣ್ಣ ತುಂಡಿನಷ್ಟು. ಸ್ಟೀರಿಂಗ್‌ಗೆ ಅದು ತಿಳಿಯುವುದೂ ಇಲ್ಲ. ಲಾಕ್ ನಟ್ಟನ್ನು ಗಾಳಿ ತುಂಬುವ ವಾಲ್ವಿಗೆ ಹತ್ತಿರದ ಸ್ಟಡ್‌ಗೆ ಹಾಕಿಸಿದರೆ ಕತ್ತಲಲ್ಲಿ ಹುಡುಕುವುದು ಸುಲಭ.

ಎರಡನೆಯದು ಇಡೀ ಸೆಟ್ಟನ್ನೇ ಬದಲಿಸುವುದು, ಸ್ಪ್ಲೈನ್ ನಟ್‌ಗಳು. ಹೊರಮೈಯಲ್ಲಿ ಉದ್ದುದ್ದ ಗೀರುಗಳಿರುವ ಸಪೂರ ನಟ್‌ಗಳು ಇವು. ಹೊರಗಿನಿಂದ ಕೊಂಡ ಅಲಾಯ್‌ಗಳ ಇಕ್ಕಟ್ಟಾದ ಕುಳಿಗೆ ಮಾಮೂಲಿ ಸಾಕೆಟ್ ಇಳಿಯದಿದ್ದಾಗ ಇವೇ ಗತಿ. ಬಣ್ಣಬಣ್ಣದಲ್ಲಿ ಸಿಗುತ್ತವೆ, ನೋಡಲು ಚೆನ್ನ. ಆದರೆ ಇವುಗಳ ಕೀ ಒಂದೇ ನಮೂನೆಯದ್ದು, ಪೇಟೆಯಲ್ಲಿ ಯಾರಿಗೂ ಸಿಗುತ್ತದೆ. ನಿಮ್ಮ ಕೀ ಕಳೆದರೆ ಇದು ವರ, ಕಳ್ಳ ಬಂದರೆ ಶಾಪ. ಕೀಯ ಗೋಡೆ ತೆಳು, ಆದ್ದರಿಂದ ಗಾಳಿ ಗನ್ (ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಯಂತ್ರ) ಹಾಕಿದರೆ ಸೀಳಿಹೋಗುತ್ತದೆ. ಬಣ್ಣದ ಮೋಹಕ್ಕೆ ಅಲ್ಯೂಮಿನಿಯಂ ನಟ್ ಮಾತ್ರ ಕೊಳ್ಳಬೇಡಿ. ದಿನಬಳಕೆಯ ಕಾರಿಗೆ ಉಕ್ಕೇ ಬೇಕು.

ಮೂರನೆಯದು ಕಂಪನಿಯೇ ಹಾಕಿ ಕೊಡುವ ಲಾಕ್. ಥ್ರೆಡ್ ಸರಿಯಿದೆಯೇ, ಕೂರುವ ಮೈ ಸರಿಯಿದೆಯೇ ಎಂಬ ಯೋಚನೆ ಇಲ್ಲ. ಕಂಪನಿಯ ಲಾಕ್ ಸಿಗುವುದಾದರೆ ಹೊರಗಿನದನ್ನು ನೋಡಲೇಬೇಡಿ ಎಂಬುದು ನನ್ನ ಮಾತು.

ಅಳತೆ ತಪ್ಪಿದರೆ ಕಳ್ಳನಿಗಿಂತ ಕೆಟ್ಟದು

ಕಳ್ಳ ಚಕ್ರ ಒಯ್ದರೆ ದುಡ್ಡು ಹೋಗುತ್ತದೆ. ಸರಿಹೊಂದದ ನಟ್‌ನಿಂದ ಓಡುವ ಕಾರಿನ ಚಕ್ರ ಕಳಚಿದರೆ ಜೀವ ಹೋಗುತ್ತದೆ. "ಎಲ್ಲ ಕಾರಿಗೂ ಆಗುತ್ತದೆ" ಎಂದು ಬರೆದ ಡಬ್ಬಿಯನ್ನು ಹಾಗೆಯೇ ಹಿಂದೆ ಕೊಡಿ. ಎಲ್ಲ ಕಾರಿಗೂ ಆಗುವ ಚಕ್ರದ ನಟ್ ಇಲ್ಲ.

ಮೊದಲು ಥ್ರೆಡ್. ಮಾರುತಿ ಕಾರುಗಳ ಸ್ಟಡ್ 12 ಮಿಲಿಮೀಟರ್ ದಪ್ಪ, ಪಿಚ್ (ಒಂದು ಹಲ್ಲಿನಿಂದ ಇನ್ನೊಂದಕ್ಕಿರುವ ದೂರ) 1.25. ಹ್ಯುಂಡೈ, ಹೋಂಡಾಗಳದ್ದೂ ಟೊಯೋಟಾ ತಾನೇ ರೂಪಿಸಿದ ಇನ್ನೋವಾದಂತಹವುಗಳದ್ದೂ 12 ಮಿಲಿಮೀಟರ್ ದಪ್ಪವೇ, ಆದರೆ ಪಿಚ್ 1.5. ಟೊಯೋಟಾ ಹೆಸರಿನ ಗ್ಲಾನ್ಜಾ ಮೂಲದಲ್ಲಿ ಬಲೆನೋ ಆದ್ದರಿಂದ ಅದಕ್ಕೆ ಮಾರುತಿಯ ಅಳತೆ. ದಪ್ಪ ಒಂದೇ ಆದ್ದರಿಂದ ತಪ್ಪು ನಟ್ ಕೈಯಲ್ಲಿ ಒಂದೆರಡು ಸುತ್ತು ಹೋಗಿಯೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಗಾಳಿ ಗನ್ ಹಿಡಿದರೆ ಸ್ಟಡ್‌ನ ಥ್ರೆಡ್ ಹರಿದುಹೋಗುತ್ತದೆ, ಮೇಲ್ನೋಟಕ್ಕೆ ಮಾತ್ರ ಎಲ್ಲ ಸರಿಯಾಗಿ ಕಾಣುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಸ್ಟಡ್ಡೇ ಇಲ್ಲ. ಹಬ್‌ನೊಳಗೆ ತಿರುಗುವ 14 ಮಿಲಿಮೀಟರಿನ ಬೋಲ್ಟ್. ಅವಕ್ಕೆ ಲಾಕ್ ಬೋಲ್ಟನ್ನೇ ಕೊಳ್ಳಬೇಕು, ಅದರ ಉದ್ದವೂ ಹಳೆಯದರಷ್ಟೇ ಇರಬೇಕು.

ಆಮೇಲೆ ಕೂರುವ ಮೈ. ನಟ್ ಚಕ್ರವನ್ನು ಒತ್ತುವ ಭಾಗ ಮಾರುತಿ, ಹ್ಯುಂಡೈಗಳಲ್ಲಿ ಶಂಕುವಿನ ಆಕಾರದ್ದು. ಹೋಂಡಾ ಮತ್ತು ಫೋಕ್ಸ್‌ವ್ಯಾಗನ್‌ನ ಮೂಲ ಚಕ್ರಗಳಿಗೆ ಚೆಂಡಿನಂತೆ ಉರುಟಾದದ್ದು. ಟೊಯೋಟಾದ ಹಲವು ಮೂಲ ಅಲಾಯ್‌ಗಳಿಗೆ ಚಪ್ಪಟೆ ವಾಶರ್ ಇರುವ ನಟ್. ಶಂಕುವನ್ನು ಉರುಟು ಕುಳಿಯಲ್ಲಿ ಕೂರಿಸಿದರೆ ತಾಗುವುದು ತೆಳುವಾದ ಒಂದು ಗೆರೆಯಷ್ಟು ಮಾತ್ರ. ಓಡಿದಂತೆ ಆ ಗೆರೆ ಸವೆದು ನಟ್ ಸಡಿಲವಾಗುತ್ತದೆ. ಇಲ್ಲಿ ಇನ್ನೊಂದು ಸಿಕ್ಕು ಇದೆ. ಹೊರಗಿನಿಂದ ಕೊಂಡ ಅಲಾಯ್‌ಗಳು ಹೆಚ್ಚಾಗಿ ಶಂಕುವಿನ ಕುಳಿಯವು. ಹೋಂಡಾ ಕಾರಿಗೆ ಅಂತಹ ಅಲಾಯ್ ಹಾಕಿಸಿದರೆ ನಟ್ ಶಂಕುವಿನದ್ದಾಗಬೇಕು, ಆದರೆ ಡಿಕ್ಕಿಯಲ್ಲಿರುವ ಕಬ್ಬಿಣದ ಸ್ಟೆಪ್ನಿಗೆ ಹಳೆಯ ಉರುಟು ನಟ್ಟೇ ಬೇಕು. ಆದ್ದರಿಂದ ಬಿಚ್ಚಿದ ಹಳೆಯ ನಟ್‌ಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಸ್ಟೆಪ್ನಿಯ ಜತೆಗಿಡಿ. ಬರಿಯ ನಾಲ್ಕು ಲಾಕ್ ನಟ್ ಹಾಕಿಸಿದವರಿಗೂ ಇದೇ ಮಾತು: ಮುಂದೊಂದು ದಿನ ಲಾಕ್ ನಟ್ ಒಡೆದು ತೆಗೆಯಬೇಕಾಗಿ ಬಂದರೆ ಆ ಜಾಗಕ್ಕೆ ಹಾಕಲು ಒಂದು ಬೇಕಲ್ಲ.

ಬಿಗಿಯುವ ವಿಷಯ. ಸಾಮಾನ್ಯ ಕಾರುಗಳಿಗೆ 85ರಿಂದ 120 ನ್ಯೂಟನ್ ಮೀಟರ್ ನಡುವೆ. ನಿಮ್ಮ ಕಾರಿನದ್ದು ಕೈಪಿಡಿಯಲ್ಲಿದೆ. 60 ಕಿಲೋ ತೂಕದವರು ಕಾಲು ಮೀಟರ್ ಉದ್ದದ ಸ್ಪ್ಯಾನರ್ ಮೇಲೆ ಹತ್ತಿ ನಿಂತರೆ ಅದೇ ಸುಮಾರು 150 ಆಗುತ್ತದೆ, ಅಂದರೆ ಆಗಲೇ ಹೆಚ್ಚಾಯಿತು. ಗಾಳಿ ಗನ್ ಇದರ ಹಲವು ಪಟ್ಟು ಕೊಡಬಲ್ಲದು. ಮಾಮೂಲಿ ನಟ್ ಅದನ್ನು ಹೇಗೋ ಸಹಿಸುತ್ತದೆ. ಲಾಕ್ ನಟ್‌ನ ತೋಡು ಸಹಿಸುವುದಿಲ್ಲ. ಕೀ ಮುರಿದ ಘಟನೆಗಳಲ್ಲಿ ಹೆಚ್ಚಿನವುಗಳ ಹಿಂದೆ ಹಿಂದಿನ ಸಲ ಗನ್ ಹಿಡಿದು ಬಿಗಿದವನೊಬ್ಬ ಇರುತ್ತಾನೆ. ಟಯರ್ ಅಂಗಡಿಯಲ್ಲಿ ಕಾರು ಎತ್ತುವ ಮೊದಲೇ "ಲಾಕ್ ನಟ್ ಇದೆ, ಅದಕ್ಕೆ ಗನ್ ಬೇಡ, ಕೈಯಲ್ಲೇ ಬಿಚ್ಚಿ, ಕೈಯಲ್ಲೇ ಹಾಕಿ" ಎಂದು ಹೇಳಿಬಿಡಿ, ಮತ್ತು ಅಲ್ಲೇ ನಿಂತು ನೋಡಿ. ಮುಖ ಸಿಂಡರಿಸಿದರೆ ಸಿಂಡರಿಸಲಿ. ಚಕ್ರ ಹಾಕಿಸಿ 50–100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಿಗಿ ಪರೀಕ್ಷಿಸಬೇಕು.

ಹಾಗಾದರೆ ಯಾರು ಏನು ಕೊಳ್ಳಬೇಕು?

ಕಬ್ಬಿಣದ ಚಕ್ರ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಇರುವ ಕಾರಿಗೆ ಏನೂ ಬೇಡ. ಕದಿಯಲು ಯಾರೂ ಮೈ ಬಗ್ಗಿಸುವುದಿಲ್ಲ.

ಅಲಾಯ್ ಇದೆ, ಕಾರು ಅಂಗಳದಲ್ಲೇ ನಿಲ್ಲುತ್ತದೆ, ನಾಯಿಯೋ ಕ್ಯಾಮೆರಾವೋ ಇದೆ ಎಂದಾದರೆ ಮಾಮೂಲಿ ನಟ್ಟೇ ಇರಲಿ. ಆಯನಕ್ಕೋ (ದೇವಸ್ಥಾನದ ಜಾತ್ರೆ) ಕುಂಬಳೆ ಬೆಡಿಗೋ (ಅಲ್ಲಿನ ಜಾತ್ರೆಯ ಸಿಡಿಮದ್ದು) ಹೋಗಿ ಗದ್ದೆಯಲ್ಲಿ ನಿಲ್ಲಿಸಿದ ಒಂದು ರಾತ್ರಿಗೆ ಹೆದರಿ ಲಾಕ್ ಕೊಳ್ಳಬೇಕಾಗಿಲ್ಲ, ಅಲ್ಲಿ ಇಡೀ ರಾತ್ರಿ ಜನ ಓಡಾಡುತ್ತಿರುತ್ತಾರೆ.

ಕಣ್ಣೂರು–ಬೆಂಗಳೂರು ರೈಲು ಹಿಡಿಯಲು ಕಾರನ್ನು ನಿಲ್ದಾಣದ ಬಳಿ ಎರಡು ಮೂರು ದಿನ ಬಿಟ್ಟು ಹೋಗುವವರು, ಮಂಗಳೂರಿನಲ್ಲಿ ಕೆಲಸಕ್ಕಿದ್ದು ರಸ್ತೆ ಬದಿಯಲ್ಲಿ ನಿಲ್ಲಿಸುವವರು, ಕಾರಿನ ಮೌಲ್ಯದಲ್ಲಿ ದೊಡ್ಡ ಪಾಲು ಚಕ್ರದ್ದೇ ಎನ್ನುವಷ್ಟು ಖರ್ಚು ಮಾಡಿ ಅಲಾಯ್ ಹಾಕಿಸಿದವರು, ಇವರಿಗೆ ನಾಲ್ಕು ಲಾಕ್ ನಟ್‌ಗಳ ಖರ್ಚು ಸಾರ್ಥಕ. ಒಂದು ಅಲಾಯ್ ಚಕ್ರದ ಬೆಲೆಗೆ ಹೋಲಿಸಿದರೆ ಅದು ಸಣ್ಣ ಮೊತ್ತ. ಹೊರಗಿನಿಂದ ಹಾಕಿಸಿದ ಅಲಾಯ್‌ಗಳನ್ನು ವಿಮೆಯಲ್ಲಿ ಪ್ರತ್ಯೇಕವಾಗಿ ತೋರಿಸಿ ಅದಕ್ಕೆ ಪ್ರೀಮಿಯಂ ಕಟ್ಟದಿದ್ದರೆ ಪರಿಹಾರದ ಮಾತೆತ್ತುವುದು ಕಷ್ಟ. ಟಯರ್‌ಗಳಿಗಂತೂ ಸಾಮಾನ್ಯ ಪಾಲಿಸಿಯಲ್ಲಿ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ. ಲಾಕ್ ಕೊಳ್ಳುವ ಮೊದಲೇ ಈ ಕಾಗದದ ಕೆಲಸ ಮುಗಿಸಿಕೊಳ್ಳಿ.

ಬೊಲೆರೋ, ಥಾರ್, ಜಿಮ್ನಿಯಂತೆ ಸ್ಟೆಪ್ನಿಯನ್ನು ಬೆನ್ನಿಗೆ ಹೊತ್ತ ವಾಹನಗಳದ್ದು ಬೇರೆಯೇ ಲೆಕ್ಕ. ಅಲ್ಲಿ ಜಾಕ್ ಕೂಡ ಬೇಡ, ಮೂರು ನಿಮಿಷದ ಕೆಲಸ. ಉಳಿದ ನಾಲ್ಕಕ್ಕೆ ಬೇಡವೆಂದರೂ ಸ್ಟೆಪ್ನಿಗೆ ಒಂದು ಲಾಕ್ ಹಾಕಿಸುವುದು ಜಾಣತನ. ತೋಟದ ಜೀಪುಗಳಿಗೂ ಇದೇ ಅನ್ವಯ.

ಅಲಾರಂ ಇದೆಯಲ್ಲ ಎನ್ನುವವರು ಒಮ್ಮೆ ಪರೀಕ್ಷಿಸಿ ನೋಡಿ: ಕಾರು ಲಾಕ್ ಮಾಡಿ ಒಂದು ಬದಿಯನ್ನು ಜಾಕ್‌ನಿಂದ ಎತ್ತಿ. ಕಾರು ವಾಲುವುದನ್ನು ಗುರುತಿಸುವ ಸೆನ್ಸರ್ ಇಲ್ಲದಿದ್ದರೆ ಅಲಾರಂ ತುಟಿ ಬಿಚ್ಚುವುದಿಲ್ಲ. ನಮ್ಮ ಬಜೆಟ್ಟಿನ ಹೆಚ್ಚಿನ ಕಾರುಗಳಲ್ಲಿ ಬಾಗಿಲು ತೆರೆದರೆ ಮಾತ್ರ ಕೂಗುವ ಅಲಾರಂ ಇರುವುದು. ಗೋಡೆಗೆ ಒತ್ತಿ ನಿಲ್ಲಿಸಿ ಒಂದು ಬದಿಯ ಚಕ್ರಗಳನ್ನು ಮರೆಮಾಡುವುದು, ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸುವುದು, ಬೆಳಕಿನ ಕಂಬದ ಕೆಳಗೆ ಜಾಗ ಹಿಡಿಯುವುದು, ಇವೆಲ್ಲ ಪುಕ್ಕಟೆ, ಮತ್ತು ಕೀ ಕಳೆಯುವ ಭಯವೂ ಇಲ್ಲ.

ಲಾಕ್ ಹಾಕಿಸಿಯೇ ಸಿದ್ಧ ಎಂದು ತೀರ್ಮಾನಿಸಿದ್ದರೆ ಕೀಗೆ ಒಂದು ಜಾಗ ಗೊತ್ತುಮಾಡಿ. ಸ್ಟೆಪ್ನಿಯ ನಡುವಿನ ಕುಳಿ ಒಳ್ಳೆಯದು; ಗ್ಲೋವ್ ಬಾಕ್ಸ್ ಬೇಡ, ಗಾಜು ಒಡೆದವನಿಗೆ ಮೊದಲು ಸಿಗುವುದು ಅದೇ. ಸಂಕೇತ ಸಂಖ್ಯೆಯ ಚೀಟಿ ಕಾರಿನಲ್ಲಿರದೆ ಮನೆಯಲ್ಲಿರಲಿ, ಅದರ ಒಂದು ಚಿತ್ರ ಮೊಬೈಲಿನಲ್ಲಿರಲಿ. ಕಾರು ಓಡಿಸುವ ಮನೆಮಂದಿಗೆಲ್ಲ ಕೀ ಎಲ್ಲಿದೆ ಎಂದು ತೋರಿಸಿ ಇಡಿ. ಸರ್ವಿಸ್ ಮುಗಿಸಿ ಕಾರು ತೆಗೆದುಕೊಳ್ಳುವಾಗ ಬಿಲ್ಲಿಗೆ ಸಹಿ ಹಾಕುವ ಮೊದಲು ಡಿಕ್ಕಿ ತೆರೆದು ಕೀ ನೋಡಿ. ಹಳೆಯ ಕಾರು ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಕೆಎ-19 ಸಂಖ್ಯೆಯ ಕಾರನ್ನು ಮಂಗಳೂರಿನಲ್ಲಿ ಕೊಂಡು ಕಾಸರಗೋಡಿನ ಕೆಎಲ್-14ಕ್ಕೆ ಬದಲಿಸಿಕೊಳ್ಳುವ ನಮ್ಮವರು ಆರ್‌ಸಿ, ನಿರಾಕ್ಷೇಪಣಾ ಪತ್ರ, ತೆರಿಗೆ ಎಲ್ಲವನ್ನೂ ಕೂಲಂಕಷವಾಗಿ ನೋಡುತ್ತಾರೆ; ಚಕ್ರದ ಕಡೆ ಬಗ್ಗಿ ನೋಡುವುದಿಲ್ಲ. ನಾಲ್ಕು ನಟ್‌ಗಳ ನಡುವೆ ಒಂದು ಬೇರೆ ತರಹ ಕಂಡರೆ ಕೀ ಕೇಳಿ, ಮಾರುವವರ ಎದುರಿನಲ್ಲೇ ನಾಲ್ಕು ಚಕ್ರದ ಲಾಕ್ ನಟ್ಟನ್ನೂ ಆ ಕೀಯಿಂದ ಒಮ್ಮೆ ಸಡಿಲಿಸಿ ಬಿಗಿದು ನೋಡಿ. ಕೀ ಇಲ್ಲ ಎಂದರೆ ಆ ನಾಲ್ಕು ನಟ್‌ಗಳನ್ನು ತೆಗೆಸಿ, ಮಾಮೂಲಿ ನಟ್ ಹಾಕಿಸಿ ಕೊಡುವ ಖರ್ಚು ಮಾರುವವರದ್ದೇ. ಮುಂಗಡ ಕೊಡುವ ಮೊದಲೇ ಇದನ್ನು ಮಾತಾಡಿಕೊಳ್ಳಿ.